ಮೂಲೆಗೆ ಸರಿದ ನುಡಿಗಳ ಮರುಬಾಳು

ಜನರ ನಾಲಗೆಯ ಮೇಲೆ ಬದುಕುವ ಭಾಷೆಗೆ ಮರೆಯುವ ಸ್ವಾತಂತ್ರ್ಯವುಂಟು. ಬಳಕೆ ತಪ್ಪಿದ ಪದವನ್ನು ಅದು ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಹಳಗನ್ನಡದ ಱಕಾರ ೞಕಾರಗಳು ನಮ್ಮ ಮಾತಿನಿಂದ ಜಾರಿಹೋದುದು ಹೀಗೆಯೇ. ಪಂಪನ ಕಾವ್ಯವನ್ನು ತೆರೆದು ಕುಳಿತವನು ಮಾತ್ರ ಇಂದು ಅವುಗಳ ಪರಿಚಯ ಮಾಡಿಕೊಳ್ಳಬೇಕು. ಅರ್ಥವಾಗದ ಕಡೆ ಅವನಿಗೆ ನಿಘಂಟು ಉಂಟು, ವ್ಯಾಖ್ಯಾನ ಉಂಟು, ಹೇಳಿಕೊಡುವ ಗುರುಗಳೂ ಉಂಟು. ಓದುವವನು ಮನುಷ್ಯನಾದ್ದರಿಂದ ಭಾಷೆ ತನ್ನ ಹೊರೆಯನ್ನು ಇಳಿಸಿ ಮುಂದೆ ನಡೆಯಬಲ್ಲದು.

ಯಂತ್ರಕ್ಕಾಗಿ ಮನುಷ್ಯನು ಕಟ್ಟಿದ ಭಾಷೆಗಳ ಪೈಕಿ ಈ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಕಳೆದುಕೊಂಡ ಒಂದು ಭಾಷೆಯಿದೆ. ಅದು ಜಾಲಪುಟಗಳಿಗೆ ಚಲನೆಯನ್ನೂ ಬುದ್ಧಿಯನ್ನೂ ಕೊಡುವ ಜಾವಾಸ್ಕ್ರಿಪ್ಟ್. ೧೯೯೫ರ ಮೇ ತಿಂಗಳಿನಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ವಾಕ್ಯದ ಹೊರರೂಪವನ್ನು ಸಿ ಮತ್ತು ಜಾವಾ ಭಾಷೆಗಳಿಂದ, ಒಳಗಿನ ಚೈತನ್ಯವನ್ನು ಸ್ಕೀಮ್ ಎಂಬ ಮತ್ತೊಂದು ಭಾಷೆಯಿಂದ ತಂದುಕೊಂಡದ್ದಾಯಿತು. ಹತ್ತು ದಿನದ ಕೆಲಸದಲ್ಲಿ ಬೇಕಾದುದರ ಜೊತೆಗೆ ಬೇಡವಾದುದೂ ಸೇರಿಕೊಂಡಿತೆಂದರೆ ಅಚ್ಚರಿಪಡಬೇಕಾಗಿಲ್ಲ. ಅಚ್ಚರಿಯ ಸಂಗತಿ ಬೇರೆಯಿದೆ. ಅಂದು ಸೇರಿದುದನ್ನು ಅನಂತರ ತೆಗೆದುಹಾಕುವುದು ಹೆಚ್ಚುಕಡಿಮೆ ಅಸಾಧ್ಯವಾಯಿತು.

ಕಾರಣ ಸರಳವಾದುದು. ೧೯೯೬ರಲ್ಲಿ ಯಾರೋ ಬರೆದಿಟ್ಟ ಜಾಲಪುಟವೊಂದು ಇಂದಿಗೂ ಯಾವುದೋ ಸರ್ವರಿನಲ್ಲಿ ಉಳಿದಿರಬಹುದು. ಅದನ್ನು ಬರೆದವರು ಆ ಕಸುಬನ್ನೇ ಬಿಟ್ಟಿರಬಹುದು, ಬರೆಯಿಸಿದ ಸಂಸ್ಥೆ ಮುಚ್ಚಿರಬಹುದು. ಇಂದಿನ ಬ್ರೌಸರು ಆ ಪುಟದ ಒಂದು ಪದವನ್ನು ಅರಿಯೆನೆಂದು ನಿರಾಕರಿಸಿದರೆ ಆ ಪುಟ ಮೂಕವಾಗುತ್ತದೆ. ತಿದ್ದುವವರು ಯಾರೂ ಇಲ್ಲ. ಆದ್ದರಿಂದ ಈ ಭಾಷೆಯ ಲಕ್ಷಣವನ್ನು ನಿರ್ಣಯಿಸುವ ಸಮಿತಿಯವರು, ಜಾಲವನ್ನು ಮುರಿಯಲಾಗದು ಎಂಬುದನ್ನು ತಮ್ಮ ಮೊದಲ ಧರ್ಮವೆಂದು ಒಪ್ಪಿಕೊಂಡು ನಡೆದಿದ್ದಾರೆ. ಹೊಸತನ್ನು ಸೇರಿಸಬಹುದು, ಹಳೆಯದನ್ನು ಕೀಳುವುದು ತೀರ ಅಪೂರ್ವ. ಹೀಗೆ ಅಟ್ಟದ ಮೇಲೆ ಉಳಿದುಹೋದ ಹಳೆಯ ಸಲಕರಣೆಗಳನ್ನು ಜಾಣರಾದವರು ಹೇಗೆ ಕೆಳಗಿಳಿಸಿ ಹೊಸ ಕೆಲಸಕ್ಕೆ ಹಚ್ಚಿದರು ಎಂಬುದೇ ಈ ಲೇಖನದ ವಿಷಯ.

ಈ ಸಲಕರಣೆಗಳನ್ನು ಕುರಿತು ಪಂಡಿತರ ಅಭಿಪ್ರಾಯ ಏನಿತ್ತೆಂಬುದನ್ನು ಮೊದಲು ತಿಳಿಯಬೇಕು. ೨೦೦೮ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಅವರು ಜಾವಾಸ್ಕ್ರಿಪ್ಟಿನ ಒಳ್ಳೆಯ ಭಾಗಗಳನ್ನು ವಿವರಿಸುವ ಕಿರುಗ್ರಂಥವೊಂದನ್ನು ಪ್ರಕಟಿಸಿದರು. ಗಾತ್ರದಲ್ಲಿ ಚಿಕ್ಕದಾದರೂ ಪ್ರಭಾವದಲ್ಲಿ ದೊಡ್ಡದು. ಅದರ ಅನುಬಂಧದಲ್ಲಿ ಭಾಷೆಯ ಕೆಟ್ಟ ಭಾಗಗಳ ಪಟ್ಟಿಯಿದೆ: ವಿತ್ ಎಂಬ ವಾಕ್ಯರೂಪ, ಇವ್ಯಾಲ್ ಎಂಬ ಕ್ರಿಯೆ, ವಾಯ್ಡ್ ಎಂಬ ಚಿಹ್ನಾಪದ, ಸಂಖ್ಯೆಯ ಒಂದೊಂದು ಬಿಟ್ಟನ್ನೂ ಮುಟ್ಟಿ ಕೆಲಸ ಮಾಡುವ ಬಿಟ್ ಚಿಹ್ನೆಗಳು, ಇತ್ಯಾದಿ. ವಿದ್ಯಾರ್ಥಿಗಳು ಈ ಪಟ್ಟಿಯನ್ನು ಶಾಸ್ತ್ರವಾಕ್ಯದಂತೆ ಸ್ವೀಕರಿಸಿದರು. ಅದರಿಂದ ಒಳಿತೇ ಆಯಿತೆನ್ನಬೇಕು. ಓದಬಲ್ಲಂಥ, ತಿದ್ದಬಲ್ಲಂಥ ಬರಹ ಹೆಚ್ಚಿತು. ಆದರೆ ಪಟ್ಟಿಯ ಹೊರಗೆ ನಿಂತವರು ಕೆಲವರಿದ್ದರು. ಅವರು ಕೇಳಿದ ಪ್ರಶ್ನೆ ಬೇರೆಯಾಗಿತ್ತು: ಇದು ಕೆಟ್ಟದ್ದೆಂಬುದು ನಿಜವಿರಬಹುದು, ಆದರೆ ಇದು ಮಾಡುವ ಕೆಲಸವೇನು?

ಮೊದಲ ನಿದರ್ಶನವಾಗಿ ಕೊರತೆಯೊಂದನ್ನೇ ತೆಗೆದುಕೊಳ್ಳೋಣ. ಆರಂಭದ ಜಾವಾಸ್ಕ್ರಿಪ್ಟಿನಲ್ಲಿ ಹೆಸರುಗಳಿಗೆ ಖಾಸಗಿ ಕೋಣೆಯೆಂಬುದಿರಲಿಲ್ಲ. ಒಂದು ಪುಟದಲ್ಲಿ ಹತ್ತು ಜನರ ಬರಹ ಸೇರಿದರೆ ಎಲ್ಲರ ಹೆಸರುಗಳೂ ಒಂದೇ ಅಂಗಳದಲ್ಲಿ ಸೇರುತ್ತಿದ್ದವು. ಒಬ್ಬರು ಇಟ್ಟ ಹೆಸರನ್ನೇ ಇನ್ನೊಬ್ಬರೂ ಇಟ್ಟರೆ ಮೊದಲಿನವರದು ಅಳಿಸಿಹೋಗುತ್ತಿತ್ತು. ಗೋಡೆಯಿದ್ದ ಜಾಗ ಒಂದೇ, ಫಂಕ್ಷನ್ನಿನ ಒಳಗೆ. ಅಲ್ಲಿ ಹುಟ್ಟಿದ ಹೆಸರು ಹೊರಗೆ ಕಾಣದು. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಹೆಸರಿಟ್ಟು ಬೇಕಾದಾಗ ಕರೆಯುವ ವ್ಯವಸ್ಥೆ. ಆದರೆ ಸ್ಕೀಮಿನ ವಂಶದಿಂದ ಬಂದುದರಿಂದ ಇಲ್ಲಿ ಹೆಸರಿಲ್ಲದ ಫಂಕ್ಷನ್ನಿಗೂ ಅವಕಾಶ ದೊರೆಯಿತು. ಹೀಗಿರುವಲ್ಲಿ ಬುದ್ಧಿವಂತರು ಹೆಸರಿಲ್ಲದ ಫಂಕ್ಷನ್ನೊಂದನ್ನು ಬರೆದು, ಬರೆದ ಕ್ಷಣದಲ್ಲಿಯೇ ಅದನ್ನು ಕರೆದುಬಿಟ್ಟರು. ಮತ್ತೆ ಅದನ್ನು ಕರೆಯುವ ಉದ್ದೇಶ ಯಾರಿಗೂ ಇಲ್ಲ. ಕೆಲಸಕ್ಕೆಂದು ಹುಟ್ಟಿದ ರೂಪ ಇಲ್ಲಿ ನಾಲ್ಕು ಗೋಡೆಗಳಾಗಿ ಪರಿಣಮಿಸಿತು. ವರ್ಷಗಟ್ಟಲೆ ಎಲ್ಲರೂ ಬಳಸಿದ ಈ ಉಪಾಯಕ್ಕೆ ೨೦೧೦ರಲ್ಲಿ ಬೆನ್ ಆಲ್ಮನ್ ಎಂಬುವರು ಹೆಸರಿಟ್ಟರು. ತಕ್ಷಣ ಕರೆಯಲ್ಪಡುವ ಫಂಕ್ಷನ್ ಎಂಬುದು ಅದರ ಭಾವ. ೨೦೧೫ರ ಪರಿಷ್ಕರಣದಲ್ಲಿ ಭಾಷೆಗೆ ನಿಜವಾದ ಕೋಣೆಗಳೂ ಮಾಡ್ಯೂಲುಗಳೂ ಬಂದವು. ಅಲ್ಲಿಯವರೆಗೆ ಜಗತ್ತಿನ ದೊಡ್ಡ ದೊಡ್ಡ ಜಾಲತಾಣಗಳು ನಿಂತಿದ್ದು ಈ ಗುಡಿಸಲುಗಳ ಸಾಲಿನ ಮೇಲೆಯೇ.

ಎರಡನೆಯದು ಇನ್ನೂ ಸಾಹಸದ ಕಥೆ. ಒಂದು ತಾಣದ ಪುಟ ಇನ್ನೊಂದು ತಾಣದ ಮಾಹಿತಿಯನ್ನು ಓದಬಾರದೆಂಬುದು ಬ್ರೌಸರುಗಳ ಹಳೆಯ ಕಟ್ಟಳೆ. ನಿಮ್ಮ ಬ್ಯಾಂಕಿನ ಪುಟವನ್ನು ಪಕ್ಕದ ಜಾಹೀರಾತಿನ ಪುಟ ಇಣುಕಬಾರದಷ್ಟೆ! ಕಟ್ಟಳೆ ನ್ಯಾಯವಾದುದೇ. ಆದರೆ ೨೦೦೫ರ ಸುಮಾರಿಗೆ ನಕಾಶೆ, ಹವಾಮಾನ, ಚಿತ್ರಸಂಗ್ರಹ ಮೊದಲಾದ ಮಾಹಿತಿಯನ್ನು ತಾವಾಗಿಯೇ ಹಂಚಲು ಸಿದ್ಧವಿದ್ದ ತಾಣಗಳು ಹುಟ್ಟಿಕೊಂಡವು. ಕೊಡುವವರಿದ್ದರು, ಕೊಳ್ಳುವವರಿದ್ದರು, ನಡುವೆ ಬಾಗಿಲಿರಲಿಲ್ಲ. ಆಗ ಕಣ್ಣಿಗೆ ಬಿದ್ದುದು ಪುಟಕ್ಕೆ ಪ್ರೋಗ್ರಾಮನ್ನು ಜೋಡಿಸುವ ಸ್ಕ್ರಿಪ್ಟ್ ಎಂಬ ಹಳೆಯ ಗುರುತು. ಮಾಹಿತಿಗೆ ವಿಧಿಸಿದ್ದ ನಿರ್ಬಂಧ ಅದಕ್ಕಿರಲಿಲ್ಲ. ಪ್ರೋಗ್ರಾಮನ್ನು ಅದು ಯಾವ ತಾಣದಿಂದ ಬೇಕಾದರೂ ತರಬಹುದಾಗಿತ್ತು. ಹಾಗಾದರೆ ಮಾಹಿತಿಯೇ ಪ್ರೋಗ್ರಾಮಿನ ವೇಷ ಹಾಕಿಕೊಂಡು ಬಂದರೆ? ಪುಟ ತನ್ನಲ್ಲಿ ಒಂದು ಫಂಕ್ಷನ್ನನ್ನು ಸಿದ್ಧವಾಗಿಟ್ಟು ಅದರ ಹೆಸರನ್ನು ದೂರದ ಸರ್ವರಿಗೆ ತಿಳಿಸುತ್ತದೆ. ಸರ್ವರು ಬರಿಯ ಮಾಹಿತಿಯನ್ನು ಕಳಿಸದೆ, ಆ ಹೆಸರಿನ ಫಂಕ್ಷನ್ನನ್ನು ಈ ಮಾಹಿತಿಯೊಡನೆ ಕರೆ ಎಂಬ ಒಂದು ಸಾಲಿನ ಪ್ರೋಗ್ರಾಮನ್ನು ಕಳಿಸುತ್ತದೆ. ಪುಟದೊಳಕ್ಕೆ ಬಂದ ಆ ಸಾಲು ನಡೆಯುತ್ತಲೇ ಮಾಹಿತಿ ಕೈಸೇರಿತು. ೨೦೦೫ರ ಡಿಸೆಂಬರಿನಲ್ಲಿ ಬಾಬ್ ಇಪೊಲಿಟೊ ಅವರು ಈ ವಿಧಾನವನ್ನು ಜೆಸನ್‌ಪಿ ಎಂಬ ಹೆಸರಿನಿಂದ ಸೂಚಿಸಿದರು; ಅದು ಬೇಗನೆ ಹರಡಿತು.

ಇದರ ಬೆಲೆಯನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಮಾಹಿತಿ ಕೇಳಿದವನು ಇಲ್ಲಿ ಪರರ ಪ್ರೋಗ್ರಾಮಿಗೆ ತನ್ನ ಮನೆಯೊಳಗೆ ಪೂರ್ಣಾಧಿಕಾರ ಕೊಟ್ಟಂತಾಯಿತು. ಹಾಲು ತಂದುಕೊಡುವವನಿಗೆ ಮನೆಯ ಬೀಗದ ಕೈಯನ್ನೇ ಕೊಟ್ಟ ಹಾಗೆ. ಅವನು ಪ್ರಾಮಾಣಿಕನಾಗಿದ್ದರೂ ಅವನಿಂದ ಕೈಯನ್ನು ಕಸಿದವನು ಪ್ರಾಮಾಣಿಕನೆಂದು ಯಾರು ಹೇಳಬಲ್ಲರು? ಆದುದರಿಂದ ಕೊಡುವ ತಾಣವೇ ಇಂಥವರು ಓದಬಹುದು ಎಂದು ಅನುಮತಿ ಸಾರುವ ಕ್ರಮಬದ್ಧವಾದ ವ್ಯವಸ್ಥೆ ರೂಪುಗೊಂಡಿತು. ೨೦೧೪ರಲ್ಲಿ ಅದಕ್ಕೆ ಜಾಲದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ಜೆಸನ್‌ಪಿ ಹಿಂದೆ ಸರಿಯಿತು. ಆದರೆ ಆ ಅಪಾಯಕರ ಉಪಾಯವನ್ನು ಜನ ಮುಗಿಬಿದ್ದು ಬಳಸಿದುದರಿಂದಲೇ ಅಲ್ಲೊಂದು ಬಾಗಿಲು ಬೇಕೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಇನ್ನು ಪಟ್ಟಿಯಲ್ಲಿ ಬಹಳ ನಿಂದೆಗೆ ಗುರಿಯಾದ ವಿತ್ ಎಂಬುದರ ವಿಚಾರ. ಒಂದು ವಸ್ತುವಿನ ಗುಣಗಳನ್ನು ಪದೇ ಪದೇ ಹೆಸರಿಸುವ ಶ್ರಮವನ್ನು ತಪ್ಪಿಸಲು ಇದನ್ನು ಮಾಡಿದರು. ಇದರ ಆವರಣದೊಳಗೆ ಯಾವ ಹೆಸರನ್ನು ಕೂಗಿದರೂ ಮೊದಲು ಆ ವಸ್ತುವಿನಲ್ಲಿ ಹುಡುಕುತ್ತಾರೆ, ಅಲ್ಲಿ ಇಲ್ಲದಿದ್ದರೆ ಹೊರಗೆ. ತೊಂದರೆಯೂ ಇಲ್ಲಿಯೇ. ಪರರ ಮನೆಯ ಪಡಸಾಲೆಯಲ್ಲಿ ನಿಂತು ರಾಮು ಎಂದು ಕೂಗಿದರೆ ಓಗೊಡುವವನು ಆ ಮನೆಯ ರಾಮುವೋ ನಮ್ಮ ರಾಮುವೋ ಎಂಬುದು ಕೂಗುವವರೆಗೆ ತಿಳಿಯದು. ಓದುಗನಿಗೆ ಗೊಂದಲ, ಯಂತ್ರಕ್ಕೂ ಗೊಂದಲ. ಇದೇ ಕಾರಣದಿಂದ ೨೦೦೯ರ ಪರಿಷ್ಕರಣವು ತನ್ನ ಕಟ್ಟುನಿಟ್ಟಿನ ಕ್ರಮದಲ್ಲಿ ವಿತ್ತನ್ನು ನಿಷೇಧಿಸಿತು.

ಆದರೆ ಗೊಂದಲಕ್ಕೆ ಕಾರಣವಾದ ಗುಣವೇ ಒಂದು ಕಡೆ ವರವಾಯಿತು. ಪುಟದ ಅಚ್ಚನ್ನು ಮೊದಲೇ ಬರೆದಿಟ್ಟು, ಹೆಸರು, ಬೆಲೆ, ದಿನಾಂಕ ಎಂಬ ಖಾಲಿ ಜಾಗಗಳನ್ನು ಆಮೇಲೆ ತುಂಬುವ ಕೆಲಸವೊಂದುಂಟು. ಅಚ್ಚನ್ನು ಬರೆಯುವಾಗ ತುಂಬುವ ವಸ್ತು ಯಾವುದೆಂಬುದು ತಿಳಿದಿರುವುದಿಲ್ಲ. ತಿಳಿಯದಿರುವುದೇ ಅಚ್ಚಿನ ಲಕ್ಷಣ. ೨೦೦೮ರಲ್ಲಿ ಜಾನ್ ರೆಸಿಗ್ ಅವರು ಸುಮಾರು ಇಪ್ಪತ್ತು ಸಾಲುಗಳಲ್ಲಿ ಇಂಥ ಅಚ್ಚುಯಂತ್ರವೊಂದನ್ನು ಬರೆದು ತೋರಿಸಿದರು. ಅದರ ನಡುವಿನ ಕೀಲು ವಿತ್. ಬೆಲೆ ಎಂದು ಬರೆದರೆ ಸಾಕು, ಯಾರ ಬೆಲೆಯೆಂಬುದನ್ನು ಪ್ರೋಗ್ರಾಮು ನಡೆಯುವ ಹೊತ್ತಿಗೆ ವಿತ್ ನಿರ್ಣಯಿಸುತ್ತದೆ. ಮುಂದೆ ೨೦೧೬ರ ವ್ಯೂ ಎಂಬ ಪ್ರಸಿದ್ಧ ಉಪಕರಣದ ಎರಡನೆಯ ಆವೃತ್ತಿಯೂ ಬ್ರೌಸರಿನಲ್ಲಿ ಅಚ್ಚುಗಳನ್ನು ಅರ್ಥೈಸುವಾಗ ಇದೇ ಮಾರ್ಗವನ್ನು ಹಿಡಿಯಿತು. ನಿಷೇಧವಾದ ಏಳು ವರ್ಷಗಳ ಮೇಲೂ ವಿತ್ತಿಗೆ ಕೆಲಸವಿತ್ತು!

ಇದರ ಬಳಕೆ ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿ ಒಂದು ಪ್ರಸಂಗವಿದೆ. ೨೦೧೫ರ ಪರಿಷ್ಕರಣಕ್ಕೆ ಸಿದ್ಧತೆ ನಡೆದಾಗ, ಸಾಲುವಸ್ತುಗಳಿಗೆಲ್ಲ ವ್ಯಾಲ್ಯೂಸ್ ಎಂಬ ಹೊಸ ಗುಣವನ್ನು ಸೇರಿಸಬೇಕೆಂದು ಹೊರಟರು. ಆದರೆ ಎಕ್ಸ್ಟ್ ಜೆಎಸ್ ಎಂಬ ಉಪಕರಣದಿಂದ ಕಟ್ಟಿದ ತಾಣಗಳಲ್ಲಿ ಅದೇ ಹೆಸರನ್ನು ವಿತ್ತಿನ ಆವರಣದೊಳಗೆ ಬೇರೆ ಅರ್ಥದಲ್ಲಿ ಬಳಸಿದ್ದರು. ಹೊಸ ಗುಣ ಬಂದುದೇ ತಡ, ಕೂಗಿದ್ದು ಒಬ್ಬನನ್ನು, ಓಗೊಟ್ಟವನು ಇನ್ನೊಬ್ಬ ಎಂಬಂತಾಗಿ ಆ ತಾಣಗಳು ಕೆಟ್ಟವು. ಸಮಿತಿಯವರು ಹಳೆಯ ತಾಣಗಳನ್ನು ದೂರಲಿಲ್ಲ. ಇಂತಿಂಥ ಹೆಸರುಗಳು ವಿತ್ತಿನ ಕೂಗಿಗೆ ಓಗೊಡಬಾರದು ಎಂದು ಗುರುತು ಹಾಕುವ ಹೊಸದೊಂದು ವಿಧಿಯನ್ನೇ ಭಾಷೆಗೆ ಸೇರಿಸಿದರು. ನಿಷೇಧಿಸಿದ ಪದವೊಂದರ ಸುಖಕ್ಕಾಗಿ ವ್ಯಾಕರಣದಲ್ಲಿ ಹೊಸ ಸೂತ್ರ ಬರೆದ ನಿದರ್ಶನ ಬೇರೆಲ್ಲಿಯೂ ಸುಲಭವಾಗಿ ದೊರೆಯಲಾರದು.

ಲೇಬಲ್ ಎಂಬುದರ ಕಥೆ ಇಷ್ಟು ಗದ್ದಲದ್ದಲ್ಲ. ಯಾವುದೇ ವಾಕ್ಯದ ಹಿಂದೆ ಒಂದು ಹೆಸರನ್ನೂ ಎರಡು ಚುಕ್ಕಿಗಳ ವಿರಾಮವನ್ನೂ ಇಡುವ ಅವಕಾಶ ಹಳೆಯ ಭಾಷೆಗಳಿಂದ ಬಂದುದು. ಒಂದರೊಳಗೊಂದು ಸುತ್ತುವ ಆವರ್ತನಗಳಿಂದ ಹೊರಗೆ ಹಾರಲು ಅದು ಬೇಕಾಗುತ್ತದೆ. ಅಷ್ಟಕ್ಕೆ ಬಿಟ್ಟರೆ ಉಪಯೋಗ ಅತ್ಯಲ್ಪ. ಈ ಭಾಷೆಯಲ್ಲಿ ಹತ್ತು ವರ್ಷ ಕೆಲಸ ಮಾಡಿಯೂ ಒಂದು ಲೇಬಲ್ ಬರೆಯದವರು ಬಹಳ ಮಂದಿ. ೨೦೧೯ರಲ್ಲಿ ರಿಚ್ ಹ್ಯಾರಿಸ್ ಮತ್ತು ಅವರ ಸಂಗಡಿಗರು ಸ್ವೆಲ್ಟ್ ಎಂಬ ಉಪಕರಣದ ಮೂರನೆಯ ಆವೃತ್ತಿಯನ್ನು ಹೊರತಂದಾಗ ಈ ಖಾಲಿ ಜಾಗವನ್ನು ಉಪಯೋಗಿಸಿಕೊಂಡರು. ಒಂದು ಸಂಖ್ಯೆ ಬದಲಾದರೆ ಅದನ್ನು ಅವಲಂಬಿಸಿದ ಲೆಕ್ಕವೂ ತಾನಾಗಿ ಬದಲಾಗಬೇಕು. ಲೆಕ್ಕದ ಹಾಳೆಯಲ್ಲಿ ಒಂದು ಮನೆ ತಿದ್ದಿದರೆ ಮೊತ್ತದ ಮನೆ ತಿದ್ದುಪಡಿಯಾಗುವ ಹಾಗೆ. ಇದನ್ನು ಸೂಚಿಸಲು ಅವರು ಡಾಲರ್ ಚಿಹ್ನೆಯನ್ನೇ ಲೇಬಲ್ಲಾಗಿ ವಾಕ್ಯದ ಹಿಂದೆ ಇಟ್ಟರು. ಜಾವಾಸ್ಕ್ರಿಪ್ಟಿನ ವ್ಯಾಕರಣಕ್ಕೆ ಅದು ಪೂರ್ಣ ಸಮ್ಮತ, ಆದರೆ ಅರ್ಥಶೂನ್ಯ. ಆ ಶೂನ್ಯಕ್ಕೆ ಸ್ವೆಲ್ಟ್ ತನ್ನ ಅರ್ಥವನ್ನು ತುಂಬಿತು. ಬೇರೊಂದು ವ್ಯಾಕರಣವನ್ನು ಕಟ್ಟದೆಯೇ ಹೊಸ ಅರ್ಥ ಹುಟ್ಟಿತು. ದೊಡ್ಡ ಪ್ರೋಗ್ರಾಮುಗಳಲ್ಲಿ ಅದರ ಮಿತಿಗಳು ಗೋಚರವಾದುದರಿಂದ ೨೦೨೪ರ ಐದನೆಯ ಆವೃತ್ತಿಯಲ್ಲಿ ಅದರ ಸ್ಥಾನಕ್ಕೆ ಸ್ಪಷ್ಟವಾದ ಬೇರೆ ರೂಪಗಳನ್ನು ತಂದರು. ಐದು ವರ್ಷ ಸೇವೆ ಮಾಡಿದ ಲೇಬಲ್ ಗೌರವದಿಂದ ನಿವೃತ್ತವಾಯಿತು.

ಮೇಲಣ ನಿದರ್ಶನಗಳೆಲ್ಲ ಜಾಣತನಕ್ಕೆ ಸಾಕ್ಷಿ. ಕೊನೆಯದು ಮಾತ್ರ ಅವುಗಳನ್ನು ಮೀರಿದುದು. ಬಿಟ್ ಚಿಹ್ನೆಗಳನ್ನು ಕುರಿತು ಕ್ರಾಕ್‌ಫರ್ಡ್ ಅವರ ಆಕ್ಷೇಪ ತರ್ಕಶುದ್ಧವಾಗಿತ್ತು. ಬೇರೆ ಭಾಷೆಗಳಲ್ಲಿ ಈ ಚಿಹ್ನೆಗಳು ಯಂತ್ರಕ್ಕೆ ಅತಿ ಸಮೀಪವಾದುವು, ಆದ್ದರಿಂದ ಅತಿ ವೇಗವಾದುವು. ಜಾವಾಸ್ಕ್ರಿಪ್ಟಿನಲ್ಲಿ ಆಗ ಪೂರ್ಣಾಂಕವೆಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಎಲ್ಲ ಸಂಖ್ಯೆಗಳೂ ೬೪ ಬಿಟ್ಟುಗಳ ದಶಾಂಶರೂಪದವು. ಬಿಟ್ ಚಿಹ್ನೆ ಬಂದೊಡನೆ ಸಂಖ್ಯೆಯನ್ನು ೩೨ ಬಿಟ್ಟುಗಳ ಪೂರ್ಣಾಂಕಕ್ಕೆ ಇಳಿಸಿ, ಕೆಲಸ ಮುಗಿಸಿ, ಮತ್ತೆ ಮೇಲಕ್ಕೆ ಏರಿಸಬೇಕು. ಯಂತ್ರದಿಂದ ದೂರ, ವೇಗವೂ ಕಡಿಮೆ. ಹೀಗಿದ್ದ ಮೇಲೆ ಇವು ಇದ್ದು ಫಲವೇನು?

ಐದು ವರ್ಷಗಳ ಮೇಲೆ, ೨೦೧೩ರ ಮಾರ್ಚ್ ತಿಂಗಳಿನಲ್ಲಿ, ಮೊಜಿಲ್ಲಾ ಸಂಸ್ಥೆಯ ಡೇವಿಡ್ ಹರ್ಮನ್, ಲೂಕ್ ವ್ಯಾಗ್ನರ್, ಆಲನ್ ಜಕಾಯ್ ಅವರು ಆಸ್ಮ್ ಜೆಎಸ್ ಎಂಬ ವಿಧಾನವನ್ನು ಲೋಕದ ಮುಂದಿಟ್ಟರು. ಅವರು ಹಿಡಿದುದು ಆ ಚಿಹ್ನೆಗಳಲ್ಲಿ ಒಂದನ್ನು. ಒಂದು ಸಂಖ್ಯೆಯ ಮುಂದೆ ಲಂಬವಾದ ಗೆರೆ, ಅದರ ಮುಂದೆ ಸೊನ್ನೆ. ಸೊನ್ನೆಯೊಡನೆ ಬಿಟ್ಟುಗಳನ್ನು ಸೇರಿಸಿದರೆ ಪೂರ್ಣಾಂಕವು ಇದ್ದಂತೆಯೇ ಉಳಿಯುತ್ತದೆ. ಲೆಕ್ಕದ ದೃಷ್ಟಿಯಿಂದ ಇದು ವ್ಯರ್ಥ ಕ್ರಿಯೆ. ಆದರೆ ಈ ಕ್ರಿಯೆಯ ಫಲ ಎಂದೆಂದಿಗೂ ೩೨ ಬಿಟ್ಟುಗಳ ಪೂರ್ಣಾಂಕವೇ ಎಂಬುದು ಭಾಷೆಯ ಲಕ್ಷಣದಲ್ಲಿಯೇ ಸಿದ್ಧವಾಗಿರುವ ಮಾತು. ಹಾಗಾದರೆ ಪ್ರತಿಯೊಂದು ಲೆಕ್ಕದ ಕೊನೆಗೂ ಗೆರೆ ಮತ್ತು ಸೊನ್ನೆಯನ್ನು ಬರೆದುಬಿಟ್ಟರೆ, ಇದು ಪೂರ್ಣಾಂಕ, ಸಂಶಯ ಬೇಡ ಎಂದು ಬ್ರೌಸರಿಗೆ ಪ್ರಮಾಣಪತ್ರ ಕೊಟ್ಟಂತಾಯಿತು. ಸಂಶಯವಿಲ್ಲದ ಬ್ರೌಸರು ಇಳಿಸಿ ಏರಿಸುವ ಶ್ರಮವನ್ನೆಲ್ಲ ಬಿಟ್ಟು ನೇರವಾಗಿ ಯಂತ್ರದ ಆಜ್ಞೆಯನ್ನೇ ಹೊರಡಿಸಬಹುದು. ನಿಧಾನವೆಂದು ಹಳಿಯಿಸಿಕೊಂಡ ಚಿಹ್ನೆ ವೇಗದ ಮಂತ್ರವಾಯಿತು. ಅದೇ ತಿಂಗಳಲ್ಲಿ ಅನ್‌ರಿಯಲ್ ಎಂಬ ಭಾರಿ ಆಟದ ಎಂಜಿನ್ನು ಫೈರ್‌ಫಾಕ್ಸ್ ಬ್ರೌಸರಿನೊಳಗೆ ಓಡುವುದನ್ನು ಜನ ಕಂಡರು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ತೆಗೆದುಕೊಳ್ಳುವ ಕಾಲದ ಎರಡು ಪಟ್ಟಿನೊಳಗೆ ಕೆಲಸ ಮುಗಿಯುತ್ತದೆಂದು ಮೊಜಿಲ್ಲಾದವರು ಹೇಳಿದರು.

ಈ ವಿಧಾನದ ನಿಜವಾದ ಸೊಗಸು ವೇಗಕ್ಕಿಂತಲೂ ಅದರ ಸೌಜನ್ಯದಲ್ಲಿದೆ. ಗೆರೆ ಸೊನ್ನೆಗಳ ಒಳಮರ್ಮವನ್ನರಿಯದ ಬ್ರೌಸರಿಗೂ ಅದೇ ಪ್ರೋಗ್ರಾಮು ಅರ್ಥವಾಗುತ್ತದೆ, ಅದೇ ಉತ್ತರವೇ ಬರುತ್ತದೆ. ಸ್ವಲ್ಪ ತಡವಾಗುತ್ತದೆ, ಅಷ್ಟೇ. ಬಲ್ಲವನಿಗೆ ಧ್ವನಿ, ಉಳಿದವರಿಗೆ ವಾಚ್ಯಾರ್ಥ. ೨೦೦೯ರ ಕಟ್ಟುನಿಟ್ಟಿನ ಕ್ರಮವನ್ನು ಜಾರಿಗೆ ತಂದ ರೀತಿಯೂ ಇದೇ. ಉದ್ಧರಣ ಚಿಹ್ನೆಯೊಳಗೆ ಎರಡು ಪದಗಳನ್ನು ಸುಮ್ಮನೆ ಬರೆದಿಟ್ಟರೆ ಹಳೆಯ ಬ್ರೌಸರು ಅದನ್ನು ಉಪಯೋಗವಿಲ್ಲದ ವಾಕ್ಯವೆಂದು ದಾಟಿಹೋಗುತ್ತಿತ್ತು. ಹೊಸ ಬ್ರೌಸರು ಅದನ್ನು ಆಜ್ಞೆಯೆಂದು ಗ್ರಹಿಸಿತು. ಯಾರನ್ನೂ ಹಿಂದೆ ಬಿಡದೆ ಮುಂದೆ ನಡೆಯುವ ದಾರಿ ಹೀಗೊಂದು ದೊರೆಯಿತು. ಆಸ್ಮ್ ಜೆಎಸ್ ತೋರಿದ ಹಾದಿಯಲ್ಲಿ ವೆಬ್‌ಅಸೆಂಬ್ಲಿ ಎಂಬ ಪ್ರತ್ಯೇಕ ಯಂತ್ರರೂಪವೇ ಹುಟ್ಟಿ, ೨೦೧೭ರಲ್ಲಿ ಮುಖ್ಯವಾದ ನಾಲ್ಕು ಬ್ರೌಸರುಗಳಲ್ಲಿ ನೆಲೆಗೊಂಡು, ೨೦೧೯ರ ಡಿಸೆಂಬರಿನಲ್ಲಿ ಜಾಲದ ಮಾನಕವಾಯಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ತೋರುತ್ತದೆ. ನಿರುಪಯೋಗಿ ಎಂಬ ತೀರ್ಪು ಆ ಕಾಲದ ಅಗತ್ಯಗಳನ್ನು ನೋಡಿ ಕೊಟ್ಟ ತೀರ್ಪು. ಅಗತ್ಯ ಬದಲಾದಾಗ ಅದನ್ನು ಪುನಃ ವಿಚಾರಿಸಬೇಕಾಗುತ್ತದೆ. ಅಟ್ಟದ ವಸ್ತುಗಳನ್ನು ೨೦೦೮ರಲ್ಲಿಯೇ ಹೊರಗೆ ಎಸೆಯುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ೨೦೧೩ರ ಶೋಧನೆಗೆ ಆಧಾರವೇ ಇರುತ್ತಿರಲಿಲ್ಲ. ಹಾಗೆಂದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ಸಾರುವುದೂ ಅವಿವೇಕ. ವಿತ್ತಿನಿಂದ ದಿನನಿತ್ಯದ ಪ್ರೋಗ್ರಾಮನ್ನು ಬರೆಯುವವನು ಮುಂದಿನ ಓದುಗನಿಗೆ ದ್ರೋಹ ಬಗೆಯುತ್ತಾನೆ. ಪರರ ಮಾಹಿತಿಯನ್ನು ಇಂದಿಗೂ ಪ್ರೋಗ್ರಾಮಿನ ವೇಷದಲ್ಲಿ ಬರಮಾಡಿಕೊಳ್ಳುವವನು ತನ್ನ ತಾಣಕ್ಕೆ ಬರುವ ಅಮಾಯಕರನ್ನು ಅಪಾಯಕ್ಕೆ ಒಡ್ಡುತ್ತಾನೆ. ಮೇಲೆ ಹೇಳಿದ ಶೋಧಕರು ಹಳತನ್ನು ಪೂಜಿಸಿದವರಲ್ಲ. ಬೇರೆ ದಾರಿಯಿಲ್ಲದಾಗ ಅದನ್ನು ಹಿಡಿದರು, ರಾಜಮಾರ್ಗ ಸಿದ್ಧವಾದಾಗ ಬಿಟ್ಟುಕೊಟ್ಟರು.

ನಮ್ಮ ಕಾಲೇಜುಗಳಲ್ಲಿ ಈ ಭಾಷೆಯನ್ನು ಕಲಿಸುವ ಅಧ್ಯಾಪಕರು ಈ ಅಂಶವನ್ನು ಗಮನಿಸಿದರೆ ಒಳ್ಳೆಯದು. ಇದನ್ನು ಬಳಸಬೇಡ ಎಂಬ ಉಪದೇಶ ಅಗತ್ಯವಾದುದೇ. ಅದರೊಡನೆ ಇದು ಏನು ಮಾಡುತ್ತದೆ, ಏಕೆ ಬಂತು, ಏಕೆ ಮೂಲೆಗೆ ಸರಿಯಿತು ಎಂಬ ಮೂರು ಮಾತುಗಳನ್ನೂ ಹೇಳಬೇಕು. ಬರಿಯ ನಿಷೇಧವನ್ನು ಕಲಿತ ವಿದ್ಯಾರ್ಥಿ ಒಳ್ಳೆಯ ನೌಕರನಾಗಬಲ್ಲ. ಕಾರಣವನ್ನೂ ಕಲಿತವನಿಗೆ ಗೆರೆ ಮತ್ತು ಸೊನ್ನೆಯಲ್ಲಿ ಪ್ರಮಾಣಪತ್ರವೊಂದು ಕಂಡೀತು.

ಈ ಸಹನೆಯ ಪರಂಪರೆ ಎಷ್ಟು ಹಳೆಯದೆಂಬುದಕ್ಕೆ ಇನ್ನೊಂದು ಸಣ್ಣ ಸಂಗತಿಯುಂಟು. ಜಾವಾಸ್ಕ್ರಿಪ್ಟ್ ಹುಟ್ಟಿದ ದಿನಗಳಲ್ಲಿ ಅದನ್ನು ಅರಿಯದ ಬ್ರೌಸರುಗಳು ಬಹಳ ಇದ್ದವು. ಅವು ಪ್ರೋಗ್ರಾಮಿನ ಸಾಲುಗಳನ್ನು ಲೇಖನದ ಸಾಲುಗಳೆಂದು ಬಗೆದು ಪುಟದ ಮೇಲೆ ಮೂಡಿಸಿಬಿಡುತ್ತಿದ್ದವು. ಅದನ್ನು ತಪ್ಪಿಸಲು ಬರೆಯುವವರು ಪುಟದ ಭಾಷೆಯಲ್ಲಿ ಟಿಪ್ಪಣಿಯನ್ನು ತೆರೆಯುವ ಗುರುತನ್ನು ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಇಡುತ್ತಿದ್ದರು. ಹಳೆಯ ಬ್ರೌಸರು ಎಲ್ಲವನ್ನೂ ಟಿಪ್ಪಣಿಯೆಂದು ಮರೆಮಾಡುತ್ತಿತ್ತು, ಹೊಸ ಬ್ರೌಸರು ಆ ಒಂದು ಸಾಲನ್ನು ಮಾತ್ರ ಬಿಟ್ಟು ಮುಂದಿನದನ್ನು ನಡೆಸುತ್ತಿತ್ತು. ಯಾವ ಬ್ರೌಸರುಗಳಿಗಾಗಿ ಈ ಮರೆಯನ್ನು ಕಟ್ಟಿದರೋ ಅವು ಬಳಕೆಯಿಂದ ಹೋಗಿ ಎಷ್ಟೋ ಕಾಲವಾಯಿತು. ಆದರೂ ೨೦೧೫ರ ಪರಿಷ್ಕರಣವು ಆ ಗುರುತನ್ನು ತನ್ನ ಅನುಬಂಧದಲ್ಲಿ ದಾಖಲುಮಾಡಿತು. ಇಂದು ಹೊಸದಾಗಿ ಬಂದ ಬ್ರೌಸರೂ ಅಂಥ ಹಳೆಯ ಪುಟವನ್ನು ತೆರೆದಾಗ ಆ ಸಾಲಿನ ಮಾತನ್ನು ನಡೆಸಿಕೊಟ್ಟು, ಉಳಿದುದನ್ನು ಓದುತ್ತದೆ.